ಅಂಚಿನಲ್ಲಿ ತಿರುಗುವ ಸುರುಳಿ: ಎರಡು ಪದರದ ಡಿವಿಡಿಯಲ್ಲಿ ಮಾಹಿತಿ ಹಂಚಿಕೆಯಾಗುವ ಬಗೆ

ಬೋಧನಾಭ್ಯಾಸದ ಮೂರನೆಯ ವಾರ ಒಂಬತ್ತನೇ ತರಗತಿಯ ಕಂಪ್ಯೂಟರ್ ಅವಧಿ ನನ್ನ ಪಾಲಿಗೆ ಬಂದಿತ್ತು. ಪಾಠ ‘ಮಾಹಿತಿ ಸಂಗ್ರಹಣಾ ಸಾಧನಗಳು’. ಸಿಡಿ, ಡಿವಿಡಿ, ಪೆನ್‌ಡ್ರೈವ್ ಮೂರನ್ನೂ ಮೇಜಿನ ಮೇಲಿಟ್ಟು ಆರಂಭಿಸಿದೆ. ಎರಡು ಪದರದ ಡಿವಿಡಿಯ ವಿಷಯ ಬಂದಾಗ ಕಪ್ಪುಹಲಗೆಯ ಮೇಲೆ ಎರಡು ಸುರುಳಿ ಬಿಡಿಸಿ, “ಮೊದಲ ಪದರ ನಡುವಿನಿಂದ ಅಂಚಿನವರೆಗೆ ತುಂಬುತ್ತದೆ. ಅದು ತುಂಬಿದ ಮೇಲೆ ಲೇಸರ್ ಮತ್ತೆ ಒಳಕ್ಕೆ ಬಂದು ಎರಡನೆಯ ಪದರವನ್ನು ನಡುವಿನಿಂದಲೇ ಶುರು ಮಾಡುತ್ತದೆ” ಎಂದು ಹೇಳಿದೆ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಲೇಸರ್ ಅಂಚಿನಿಂದ ಒಳಗೆ ಓಡಿ ಬರೋ ತನಕ ಪಿಕ್ಚರ್ ನಿಂತೇ ಇರ್ಬೇಕಲ್ವಾ?” ನಾನು ಉತ್ತರ ಹುಡುಕುತ್ತಿರುವಾಗಲೇ ಡಿಸ್ಕ್‌ನ ಪೊಟ್ಟಣ ಹಿಡಿದಿದ್ದ ಹುಡುಗ ಕೇಳಿದ: “ಒಂದು ಪದರಕ್ಕೆ 4.7 ಜಿಬಿ ಅಂದ್ರಿ. ಎರಡಕ್ಕೆ 9.4 ಆಗ್ಬೇಕು. ಇದರ ಮೇಲೆ 8.5 ಅಂತ ಇದೆಯಲ್ಲ ಸರ್?”

“ಕಂಪನಿಯವರು ಸ್ವಲ್ಪ ಜಾಗ ತಮ್ಮ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ” ಎಂದು ಹೇಳಿ ಮುಂದೆ ಹೋದೆ. ಮೊದಲ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ಮಾತು ಬರೆದಿದ್ದರು: “ಪ್ರಶ್ನೆಗಳು ಚೆನ್ನಾಗಿದ್ದವು. ಉತ್ತರ?”

ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು, ಮುಂದಿನ ವಾರ ಅದೇ ತರಗತಿಯಲ್ಲಿ ಮತ್ತೆ ಮಾಡಿದ ಪಾಠದ ವಿವರಣೆ ಈ ಲೇಖನ.

ಪದರ ಎರಡು, ಮುಖ ಒಂದೇ

ಮೊದಲು ತಿದ್ದಬೇಕಾಗಿ ಬಂದದ್ದು ನಾನು ಊಹಿಸದೇ ಇದ್ದ ತಪ್ಪನ್ನು. ಎರಡು ಪದರ ಎಂದರೆ ಡಿಸ್ಕ್‌ನ ಎರಡು ಮುಖ ಎಂದು ಕೆಲವು ಮಕ್ಕಳು ತಿಳಿದಿದ್ದರು. ಡಿಸ್ಕನ್ನು ತಿರುವಿ ಹಾಕುವುದಿಲ್ಲ. 1.2 ಮಿಲಿಮೀಟರ್ ದಪ್ಪದ ಡಿಸ್ಕ್‌ನ ಒಳಗೆ ಒಂದರ ಹಿಂದೆ ಒಂದರಂತೆ ಎರಡು ಪದರಗಳಿವೆ. ಅವುಗಳ ನಡುವಿನ ಅಂತರ ಸುಮಾರು 55 ಮೈಕ್ರೋಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಲೇಸರ್‌ಗೆ ಹತ್ತಿರದ ಪದರವನ್ನು ‘ಪದರ 0’ ಎಂದೂ ಅದರ ಹಿಂದಿನದನ್ನು ‘ಪದರ 1’ ಎಂದೂ ಕರೆಯುತ್ತಾರೆ. ಪದರ 0 ಅರೆಪಾರದರ್ಶಕ. ಬೆಳಕಿನ ಒಂದು ಭಾಗವನ್ನು ಪ್ರತಿಫಲಿಸುತ್ತದೆ, ಉಳಿದದ್ದನ್ನು ಹಿಂದಕ್ಕೆ ಬಿಡುತ್ತದೆ.

ಇದನ್ನು ವಿವರಿಸಲು ತರಗತಿಯ ಕಿಟಕಿಯ ಸೊಳ್ಳೆಪರದೆಯೇ ಸಾಕಾಯಿತು. ಪರದೆಯ ಎಳೆಗಳನ್ನು ನೋಡಿದರೆ ಹೊರಗಿನ ಮರ ಮಸುಕು. ಮರವನ್ನು ನೋಡಿದರೆ ಎಳೆಗಳು ಮಸುಕು. ಕಣ್ಣು ನಿಂತಲ್ಲೇ ಇದೆ, ಬದಲಾದದ್ದು ಅದರ ಸಂಗಮ. ಡ್ರೈವ್‌ನ ಮಸೂರವೂ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದು ಬೇಕಾದ ಪದರದ ಮೇಲೆ ಲೇಸರನ್ನು ಸಂಗಮಗೊಳಿಸುತ್ತದೆ.

9.4 ಅಲ್ಲ, 8.5 ಏಕೆ?

ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪು. ಕಂಪನಿ ಜಾಗ ಇಟ್ಟುಕೊಳ್ಳುವುದು ಕಾರಣವಲ್ಲ. ಒಂದು ಪದರದ ಡಿವಿಡಿಯಲ್ಲಿ ಅತ್ಯಂತ ಚಿಕ್ಕ ಗುರುತಿನ ಉದ್ದ 0.40 ಮೈಕ್ರೋಮೀಟರ್. ಎರಡು ಪದರವಿದ್ದಾಗ ಪ್ರತಿ ಪದರದಿಂದ ಮರಳುವ ಬೆಳಕು ಕಡಿಮೆ. ಜೊತೆಗೆ ಇನ್ನೊಂದು ಪದರದ ಬೆಳಕೂ ಬೆರೆತು ಓದುವುದು ಕಷ್ಟವಾಗುತ್ತದೆ. ಆದ್ದರಿಂದ ಗುರುತುಗಳನ್ನು ಸ್ವಲ್ಪ ಉದ್ದ ಮಾಡುತ್ತಾರೆ. ಅತ್ಯಂತ ಚಿಕ್ಕದು 0.44 ಮೈಕ್ರೋಮೀಟರ್. ಅಕ್ಷರ ದೊಡ್ಡದಾದರೆ ಅದೇ ಪುಟದಲ್ಲಿ ಹಿಡಿಸುವ ಪದಗಳು ಕಡಿಮೆಯಾಗುವ ಹಾಗೆ.

ಲೆಕ್ಕವನ್ನು ಮಕ್ಕಳೇ ಮಾಡಿದರು: 4.7 × 0.40 ÷ 0.44 = 4.27. ಎರಡು ಪದರಕ್ಕೆ 8.54. ಪ್ರಶ್ನೆ ಕೇಳಿದ್ದ ಹುಡುಗ ಪೊಟ್ಟಣವನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. (ಇದೇ ಡಿಸ್ಕ್‌ಗೆ ಕಂಪ್ಯೂಟರ್ ಸುಮಾರು 7.96 ಎಂದು ತೋರಿಸುವುದುಂಟು. ಅಲ್ಲಿ ಜಿಬಿಯನ್ನು ನೂರು ಕೋಟಿ ಬೈಟ್ ಎಂದಲ್ಲದೆ 2ರ 30ನೇ ಘಾತ ಎಂದು ಎಣಿಸುವುದೇ ಕಾರಣ. ಜಾಗ ಎಲ್ಲೂ ಹೋಗಿಲ್ಲ.)

ಚಟುವಟಿಕೆ: ಒಂದೇ ದಿಕ್ಕಿನಲ್ಲಿ ತಿರುಗುವ ಎರಡು ಸುರುಳಿ

ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಹೇಳುವ ಬದಲು ಮಾಡಿ ನೋಡುವಂತೆ ಯೋಜಿಸಿದೆ. ಬೇಕಾದದ್ದು: ದುಂಡಗೆ ಕತ್ತರಿಸಿದ ಬಿಳಿ ರಟ್ಟು, ಅಷ್ಟೇ ಅಗಲದ ಪಾರದರ್ಶಕ ಹಾಳೆ, ಥರ್ಮೋಕೋಲ್ ತುಂಡು, ಡ್ರಾಯಿಂಗ್ ಪಿನ್ನು, ಕೆಂಪು ಮತ್ತು ನೀಲಿ ಮಾರ್ಕರ್ ಪೆನ್.

ರಟ್ಟಿನ ನಡುವೆ ಪಿನ್ನು ಚುಚ್ಚಿ ಥರ್ಮೋಕೋಲ್ ಮೇಲೆ ನಿಲ್ಲಿಸಬೇಕು. ಒಬ್ಬರು ರಟ್ಟನ್ನು ಒಂದೇ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸುತ್ತಿರಬೇಕು. ಇನ್ನೊಬ್ಬರು ಕೆಂಪು ಪೆನ್ನನ್ನು ನಡುವಿನಿಂದ ಅಂಚಿಗೆ ನೇರವಾಗಿ ಸರಿಸಬೇಕು. ಚಕ್ಕುಲಿಯಂಥ ಸುರುಳಿ ಮೂಡುತ್ತದೆ. ಇದು ಪದರ 0. ಈಗ ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು, ತಿರುಗಿಸುವ ದಿಕ್ಕನ್ನು ಬದಲಿಸದೆ, ನೀಲಿ ಪೆನ್ನನ್ನು ಕೆಂಪು ನಿಂತ ಜಾಗದಿಂದಲೇ ಒಳಕ್ಕೆ ಸರಿಸಬೇಕು. ಇದು ಪದರ 1.

ಎರಡನ್ನೂ ಒಟ್ಟಿಗೆ ಬೆಳಕಿಗೆ ಹಿಡಿದಾಗ ಮಕ್ಕಳು ಗಮನಿಸಿದರು: ಡಿಸ್ಕ್ ಒಂದೇ ದಿಕ್ಕಿನಲ್ಲಿ ತಿರುಗಿದರೂ ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿ ಸುತ್ತಿಕೊಂಡಿವೆ. ನಾವು ಅಂಗಡಿಯಿಂದ ತಂದು ಬರೆಯುವ ಎರಡು ಪದರದ ಡಿಸ್ಕ್‌ಗಳಲ್ಲಿ ಇರುವುದು ಈ ವಿರುದ್ಧ ಹಾದಿಯೇ. ಎರಡೂ ಪದರ ನಡುವಿನಿಂದಲೇ ಆರಂಭವಾಗುವ ಸಮಾಂತರ ಹಾದಿಯೂ ಉಂಟು. ಆದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಕೆಲವು ಡಿಸ್ಕ್‌ಗಳದ್ದು. ಮೊದಲ ಪಾಠದಲ್ಲಿ ನಾನು ಬಿಡಿಸಿದ್ದು ಅದನ್ನು.

ಮಾಹಿತಿಯ ಜಾಗ ಡಿಸ್ಕ್‌ನ ಕೇಂದ್ರದಿಂದ ಸುಮಾರು 24 ಮಿಲಿಮೀಟರ್‌ನಿಂದ 58 ಮಿಲಿಮೀಟರ್‌ವರೆಗೆ. ಸಮಾಂತರ ಹಾದಿಯಲ್ಲಿ ಲೇಸರ್ ತಲೆ 34 ಮಿಲಿಮೀಟರ್ ಹಿಂದಕ್ಕೆ ಬರಬೇಕು. ವಿರುದ್ಧ ಹಾದಿಯಲ್ಲಿ ಅದು ಇದ್ದಲ್ಲೇ ಇದ್ದು, ಸಂಗಮವನ್ನು 55 ಮೈಕ್ರೋಮೀಟರ್ ಬದಲಿಸಿದರೆ ಸಾಕು. ಅಂತರ ಆರುನೂರು ಪಟ್ಟಿಗೂ ಹೆಚ್ಚು. ಇಷ್ಟು ಕೇಳಿದ ಮೇಲೆ ಹೊಲಗದ್ದೆಯ ಮನೆಯಿಂದ ಬರುವ ಹುಡುಗನೊಬ್ಬ, “ನೇಗಿಲು ಹೂಡಿದಾಗ ಬದುವಿನ ಹತ್ರ ಎತ್ತು ತಿರುಗ್ತದಲ್ಲ, ಹಾಗೆ. ಖಾಲಿ ನೇಗಿಲು ಹೊತ್ಕೊಂಡು ಯಾರೂ ವಾಪಸ್ ಬರಲ್ಲ” ಎಂದ. ನನ್ನ ಪಾಠ ಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ಹೋಲಿಕೆ ಇರಲಿಲ್ಲ.

ಎಲ್ಲಿ ತಿರುಗಬೇಕು?

ಡಿವಿಡಿಯಲ್ಲಿ ಮಾಹಿತಿಯನ್ನು 2,048 ಬೈಟ್‌ಗಳ ಸೆಕ್ಟರ್‌ಗಳಾಗಿ ಸಾಲಾಗಿ ಬರೆಯುತ್ತಾರೆ. ಒಂದು ಕಡತ ಈ ಪದರಕ್ಕೆ, ಇನ್ನೊಂದು ಆ ಪದರಕ್ಕೆ ಎಂದು ಹಂಚುವುದಿಲ್ಲ. ಉದ್ದನೆಯ ಒಂದೇ ಸಾಲನ್ನು ಒಂದೇ ಕಡೆ ಮಡಿಸಿದಂತೆ. ಮಡಿಕೆ ಒಂದು ಕಡತದ ನಡುವೆಯೇ ಬಂದರೂ ತೊಂದರೆಯಿಲ್ಲ. ಈ ಮಡಿಕೆಯೇ ‘ಲೇಯರ್ ಬ್ರೇಕ್’. ಅದಕ್ಕೆ ಮೂರು ನಿಯಮಗಳಿವೆ.

1. ಡಿವಿಡಿ ಪ್ಲಸ್ ಆರ್ ಡಿಎಲ್ ಡಿಸ್ಕ್‌ನ ಒಂದು ಪದರದಲ್ಲಿ ಹಿಡಿಸುವುದು 20,86,912 ಸೆಕ್ಟರ್. ಮಡಿಕೆ ಅದರಾಚೆ ಹೋಗುವಂತಿಲ್ಲ.
2. ಪದರ 1ರಲ್ಲಿ ಪದರ 0ಕ್ಕಿಂತ ಹೆಚ್ಚು ಮಾಹಿತಿ ಇರುವಂತಿಲ್ಲ. ಹೋದಷ್ಟೇ ದೂರ ಹಿಂದಿರುಗಲು ಸಾಧ್ಯ.
3. ದೋಷ ತಿದ್ದುಪಡಿಗಾಗಿ 16 ಸೆಕ್ಟರ್‌ಗಳನ್ನು ಒಂದು ಕಟ್ಟು ಮಾಡಿರುತ್ತಾರೆ. ಕಟ್ಟನ್ನು ಒಡೆಯುವಂತಿಲ್ಲ, ಆದ್ದರಿಂದ ಮಡಿಕೆ 16ರ ಗುಣಕದಲ್ಲೇ ಬರಬೇಕು.

ಉದಾಹರಣೆಗೆ ನಮ್ಮ ಸೂಕ್ಷ್ಮ ಬೋಧನೆಯ ವಿಡಿಯೊ ಕಡತಗಳು ಒಟ್ಟು 600 ಕೋಟಿ ಬೈಟ್ ಇವೆ ಎಂದುಕೊಳ್ಳೋಣ. ಇದಕ್ಕೆ 29,29,688 ಸೆಕ್ಟರ್ ಬೇಕು. ಅರ್ಧ 14,64,844. ಇದು 16ರ ಗುಣಕವಲ್ಲ. ಮುಂದಿನ ಗುಣಕ 14,64,848. ಹಾಗಾಗಿ ಪದರ 0ಕ್ಕೆ 14,64,848, ಪದರ 1ಕ್ಕೆ ಉಳಿದ 14,64,840. ಕಡಿಮೆಯಾದ 8 ಸೆಕ್ಟರ್ ಖಾಲಿ ತುಂಬುವಿಕೆ.

“ಮೊದಲ ಪದರ ಪೂರ್ತಿ ತುಂಬಿಸಿ ಮಿಕ್ಕಿದ್ದನ್ನು ಎರಡನೆಯದಕ್ಕೆ ಹಾಕಿದರೇನು?” ಎಂದು ನಾನೇ ಕೇಳಿದೆ. ಹಾಗೆ ಮಾಡಿದರೆ ಪದರ 1ಕ್ಕೆ ಹೋಗುವುದು 8,42,776 ಸೆಕ್ಟರ್ ಮಾತ್ರ. ಆದರೆ ಬರೆದ ಪದರ 0ಕ್ಕೆ ಎದುರಾಗಿರುವ ಪದರ 1ನ್ನು ಬರಿದಾಗಿ ಬಿಡುವಂತಿಲ್ಲ. ಉಳಿದ 12,44,136 ಸೆಕ್ಟರ್‌ಗಳನ್ನು, ಅಂದರೆ ಸುಮಾರು 2.55 ಜಿಬಿಯನ್ನು, ಡ್ರೈವ್ ಸುಮ್ಮನೆ ತುಂಬಬೇಕು. 2.4 ಪಟ್ಟು ವೇಗದಲ್ಲಿ ಬರೆಯುವಾಗ ಇದಕ್ಕೆ ಸುಮಾರು 13 ನಿಮಿಷ. ಸಮನಾಗಿ ಮಡಿಸಿದರೆ ಆ ಸಮಯ ಉಳಿಯುತ್ತದೆ. ಬೆರಳು ಹೆಚ್ಚು ತಾಗುವ ಹೊರ ಅಂಚಿನಿಂದ ಮಾಹಿತಿಯೂ ದೂರ ಉಳಿಯುತ್ತದೆ.

ಟಿವಿಗೆ ಜೋಡಿಸುವ ಪ್ಲೇಯರ್‌ಗಾಗಿ ಡಿವಿಡಿ ವಿಡಿಯೊ ಮಾಡುವುದಾದರೆ ಇನ್ನೊಂದು ಎಚ್ಚರಿಕೆ ಬೇಕು. ಮಡಿಕೆಯ ಬಳಿ ಅನೇಕ ಪ್ಲೇಯರ್‌ಗಳಲ್ಲಿ ಚಿತ್ರ ಕ್ಷಣಕಾಲ ನಿಲ್ಲುತ್ತದೆ. ಹುಡುಗಿಯ ಅನುಮಾನದಲ್ಲಿ ನಿಜವೂ ಇತ್ತು, ಆದರೆ ನಿಲ್ಲುವುದು ಒಳಕ್ಕೆ ಓಡಿಬರುವುದಕ್ಕಲ್ಲ, ಸಂಗಮ ಬದಲಿಸುವುದಕ್ಕೆ. ಆದ್ದರಿಂದ ಅನುಮತಿಸಿದ ವ್ಯಾಪ್ತಿಯೊಳಗೆ ದೃಶ್ಯ ಬದಲಾಗುವ ಜಾಗವನ್ನು ಮಡಿಕೆಗೆ ಆರಿಸಬೇಕು. ಈ ಹಿಂದೆ ನಾನೇ ಮಾಡಿದ ಪಾಠದ ಡಿವಿಡಿಯೊಂದರಲ್ಲಿ ವಿವರಣೆ ವಾಕ್ಯದ ನಡುವೆ ತಡೆಯುತ್ತಿತ್ತು. ಡಿಸ್ಕ್ ಕೆಟ್ಟಿದೆ ಎಂದು ಎಸೆದಿದ್ದೆ. ಕೆಟ್ಟಿದ್ದು ಡಿಸ್ಕ್ ಅಲ್ಲ, ನಾನು ನೋಡದೆ ಬಿಟ್ಟ ಮಡಿಕೆ.

ಗಣಿತದ ಕೊಂಡಿ

ಡ್ರೈವ್‌ಗೆ ತಾನು ಯಾವ ಪದರದಲ್ಲಿದ್ದೇನೆಂದು ಹೇಗೆ ತಿಳಿಯುತ್ತದೆ? ಪ್ರತಿ ಸೆಕ್ಟರ್‌ಗೂ 24 ಬಿಟ್‌ಗಳ ವಿಳಾಸವಿದೆ. ಒಂದೇ ತ್ರಿಜ್ಯದಲ್ಲಿ ಎದುರುಬದುರಾಗಿರುವ ಎರಡು ಸೆಕ್ಟರ್‌ಗಳಲ್ಲಿ ಒಂದರ ವಿಳಾಸದ 0ಗಳನ್ನು 1, 1ಗಳನ್ನು 0 ಮಾಡಿದರೆ ಇನ್ನೊಂದರ ವಿಳಾಸ ಸಿಗುತ್ತದೆ. ಹಾಗಾಗಿ ಇಂಥ ಪ್ರತಿ ಜೋಡಿಯ ಮೊತ್ತವೂ 1,67,77,215. ಪೂರ್ತಿ ತುಂಬಿದ ಡಿಸ್ಕ್‌ನಲ್ಲಿ ಪದರ 0ರ ವಿಳಾಸಗಳು 1,96,608ರಿಂದ 22,83,519ರವರೆಗೆ. ಪದರ 1ರ ಮೊದಲ ವಿಳಾಸ 1,44,93,696, ಕೊನೆಯದು 1,65,80,607. ಲೇಸರ್ ಒಳಮುಖವಾಗಿ ಬಂದರೂ ವಿಳಾಸ ಏರುತ್ತಲೇ ಹೋಗುತ್ತದೆ. ದ್ವಿಮಾನ ಸಂಖ್ಯೆಗಳ ಪೂರಕವನ್ನು ಕಲಿಸುವಾಗ ಪಿಯುಸಿ ಮಟ್ಟದಲ್ಲಿ ಈ ಉದಾಹರಣೆ ಚೆನ್ನಾಗಿ ಒದಗುತ್ತದೆ. ಒಂಬತ್ತನೇ ತರಗತಿಗೆ ಇದು ಹೆಚ್ಚಾಯಿತು ಎಂಬುದು ನನ್ನ ಅನುಭವ. ಮೊತ್ತ ಸರಿಬರುತ್ತದೆಯೇ ಎಂದು ನೋಡುವಷ್ಟಕ್ಕೆ ನಿಲ್ಲಿಸಿದೆ.

ಪಾಠದ ನಂತರ

ಎರಡನೆಯ ಪಾಠವನ್ನು ಆರಂಭಿಸುವಾಗ ಹಿಂದಿನ ವಾರದ ತಪ್ಪು ಚಿತ್ರವನ್ನೇ ಮತ್ತೆ ಹಲಗೆಯ ಮೇಲೆ ಬಿಡಿಸಿ, “ಇದು ನಾನು ಹೇಳಿದ್ದು. ನಾವು ಬರೆಯುವ ಡಿಸ್ಕ್‌ಗೆ ಇದು ಸರಿಯಲ್ಲ. ಇವತ್ತು ಸರಿಮಾಡೋಣ” ಎಂದೆ. ತರಗತಿ ನಗುತ್ತದೆ, ಹಿಡಿತ ತಪ್ಪುತ್ತದೆ ಎಂಬ ಅಳುಕು ಇತ್ತು. ಹಾಗೇನೂ ಆಗಲಿಲ್ಲ. ಹಿಂದಿನ ಬೆಂಚಿನ ಹುಡುಗಿ ರಟ್ಟು ತಿರುಗಿಸಲು ತಾನೇ ಮುಂದೆ ಬಂದಳು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಮಾತು ಇಷ್ಟೇ. ಗೊತ್ತಿಲ್ಲದ ಪ್ರಶ್ನೆಗೆ ‘ಕಂಪನಿಯವರು ಹಾಗೆ ಮಾಡುತ್ತಾರೆ’ ಎನ್ನುವುದು ಉತ್ತರವಲ್ಲ, ಪ್ರಶ್ನೆಯನ್ನು ಮುಚ್ಚುವ ಬಾಗಿಲು. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಮುಂದಿನ ಅವಧಿಗೆ ಉತ್ತರ ತರುವುದಾಗಿ ಹೇಳಿ, ತರಬೇಕು. ನನ್ನ ಪಾಠ ಯೋಜನೆಯ ನಮೂನೆಯಲ್ಲಿ ಈಗ ‘ಬಾಕಿ ಉಳಿದ ಪ್ರಶ್ನೆಗಳು’ ಎಂಬ ಒಂದು ಕಾಲಂ ಸೇರಿಸಿಕೊಂಡಿದ್ದೇನೆ.