ರೋಗಿ ನೋಡಲು ಬಂದವರ ಆಪಲ್‌ಗೆ ಒಂದು ದಾರಿ

ನಮ್ಮ ಕಡೆ ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆಂದರೆ ಮರುದಿನದಿಂದಲೇ ಮೇಜಿನ ಮೇಲೆ ಆಪಲ್ ರಾಶಿ ಬೀಳುತ್ತದೆ. ನೋಡಲು ಬರುವವರು ಬರಿಗೈಯಲ್ಲಿ ಬರುವುದಾದರೂ ಹೇಗೆ? ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಒಂದು ಕಿಲೋ ಆಪಲ್, ಒಂದು ಪ್ಯಾಕೆಟ್ ಬ್ರೆಡ್ ಕಟ್ಟಿಸಿಕೊಂಡು ಬರುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಉಮ್ಮ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ನಾಲ್ಕೇ ದಿನದಲ್ಲಿ ಆರು ಕಿಲೋ ಆಪಲ್ ಸೇರಿತ್ತು. ತಿನ್ನಬೇಕಾದವರಿಗೆ ಮಾತ್ರ ಹಲ್ಲಿಲ್ಲ!

ಹಲ್ಲಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಉಮ್ಮನಿಗೆ ಬಾಯಿ ರುಚಿಯೇ ಹೋಗಿತ್ತು. ಗಂಜಿ ಎರಡು ಚಮಚ, ಮತ್ತೆ ಮುಖ ಗೋಡೆ ಕಡೆ. ಜ್ಯೂಸ್ ಮಾಡಿ ಕೊಟ್ಟರೆ "ತಣ್ಣಗೆ ಬೇಡ" ಅನ್ನುವರು. ಮಗಳಂದಿರು, ಸೊಸೆ ಸೇರಿ ನಾವು ಮೂವರು ಅಡುಗೆಮನೆಯಲ್ಲಿ ಮುಖ ಮುಖ ನೋಡಿಕೊಳ್ಳುವುದೇ ಆಯಿತು. ಅತ್ತ ಆಪಲ್‌ಗಳು ಒಂದೊಂದಾಗಿ ಸುಕ್ಕುಗಟ್ಟುತ್ತಿದ್ದವು. ಹಣ ಕೊಟ್ಟು, ಪ್ರೀತಿಯಿಂದ ತಂದದ್ದನ್ನು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ?

ದಾರಿ ತೋರಿಸಿದವರು ಮಸ್ಕತ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಭಾವ. ಫೋನಿನಲ್ಲಿ ವಿಷಯ ಕೇಳಿ, "ಚಕ್ಕೆ, ಲವಂಗ ಹಾಕಿ ಮೆತ್ತಗೆ ಬೇಯಿಸಿ ಕೊಡಿ. ಇಲ್ಲಿ ಅದಕ್ಕೆ ಕಾಂಪೋಟ್ ಅಂತಾರೆ, ಬೆಳಗ್ಗಿನ ಬಫೆಯಲ್ಲಿ ದಿನಾ ಇಡ್ತೇವೆ" ಅಂದರು.

ಏನಿದು ಕಾಂಪೋಟ್?

ಹೆಸರು ಫ್ರೆಂಚರದು. ಒಟ್ಟುಗೂಡಿಸಿದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹಣ್ಣನ್ನು ಸ್ವಲ್ಪ ನೀರು, ಸ್ವಲ್ಪ ಸಕ್ಕರೆಯಲ್ಲಿ ಮೆತ್ತಗೆ ಬೇಯಿಸುವುದು, ಅಷ್ಟೆ. ಟರ್ಕಿಯವರು ಇಂಥದ್ದನ್ನೇ ನೀರಾಗಿ ಮಾಡಿ 'ಹೊಶಾಫ್' ಎನ್ನುತ್ತಾರೆ, ರಂಜಾನ್‌ನಲ್ಲಿ ಪಿಲಾಫ್ ಜೊತೆಗೂ ಇಡುತ್ತಾರೆ. ನಮಗೆ ಗೊತ್ತಿರುವ ಮುರಬ್ಬ, ಜಾಮ್‌ಗಳಿಗೂ ಇದಕ್ಕೂ ವ್ಯತ್ಯಾಸ ಉಂಟು. ಅವು ತಿಂಗಳುಗಟ್ಟಲೆ ಇರಬೇಕೆಂದು ಸಕ್ಕರೆ ಸುರಿದು ಮಾಡುವಂಥವು. ಕಾಂಪೋಟ್‌ನಲ್ಲಿ ಸಕ್ಕರೆ ಕಡಿಮೆ, ಆದ್ದರಿಂದ ಆಯುಷ್ಯವೂ ಕಡಿಮೆ.

ನಾವು ಕೆಡಿಸಿದ ಮೊದಲ ಸಲ

ಮೊದಲ ಸಲ ಅವಸರಕ್ಕೆ ಕುಕ್ಕರಿನಲ್ಲಿ ಎರಡು ವಿಸಿಲ್ ಹೊಡೆಸಿದೆವು. ಮುಚ್ಚಳ ತೆಗೆದರೆ ಅಂಟಿನಂತಹ ನೀರು. ಬಿರಿಯಾನಿಗೆ ಹಾಕಿ ಅಭ್ಯಾಸವಾದ ಕೈ, ಲವಂಗ ಎಂಟು ಬಿದ್ದಿತ್ತು. ಉಮ್ಮ ಒಂದು ಚಮಚ ಬಾಯಿಗಿಟ್ಟು, "ಎಂತ ಇದು, ಹಲ್ಲುನೋವಿನ ಮದ್ದಾ? ನನಗೆ ಹಲ್ಲೇ ಇಲ್ವಲ್ಲ ಮಾರಾಯ್ತಿ" ಅಂದರು. ಎಷ್ಟೋ ದಿನಗಳ ನಂತರ ಅವರ ಬಾಯಿಂದ ತಮಾಷೆ ಬಂದದ್ದು ಅದೇ ಮೊದಲು. ನಕ್ಕೆವು, ಮತ್ತೆ ಒಲೆ ಹಚ್ಚಿದೆವು.

ಬೇಕಾಗುವುದು

ಆಪಲ್ 1 ಕಿಲೋ (ಮಧ್ಯಮ ಗಾತ್ರದ್ದು 5-6), ನೀರು ಅರ್ಧ ಕಪ್, ಸಕ್ಕರೆ ಅಥವಾ ಬೆಲ್ಲದ ಪುಡಿ 3-4 ದೊಡ್ಡ ಚಮಚ, ಲಿಂಬೆ 1, ಚಕ್ಕೆ 2 ಇಂಚು, ಲವಂಗ 3, ಏಲಕ್ಕಿ 3, ಶುಂಠಿ ಅರ್ಧ ಇಂಚು, ಉಪ್ಪು ಒಂದು ಚಿಟಿಕೆ.

ಮಾಡುವ ಬಗೆ

ಅಂಗಡಿಯ ಆಪಲ್‌ಗೆ ಹೊಳಪಿಗಾಗಿ ಮೇಣ ಹಚ್ಚಿರುವುದುಂಟು. ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಸಿಪ್ಪೆ ತೆಗೆದು, ಬೀಜ ಮತ್ತು ನಡುವಿನ ಗಟ್ಟಿ ಭಾಗವನ್ನು ಪೂರ್ತಿ ತೆಗೆಯಿರಿ. ಸಣ್ಣ ತುಂಡು ಮಾಡಿ, ಲಿಂಬೆರಸದ ನಾಲ್ಕೈದು ಹನಿ ಹಿಂಡಿದ ನೀರಿಗೆ ಹಾಕುತ್ತಾ ಹೋದರೆ ಕಪ್ಪಾಗುವುದಿಲ್ಲ.

ಚಕ್ಕೆ, ಲವಂಗ, ಜಜ್ಜಿದ ಏಲಕ್ಕಿ ಮತ್ತು ಶುಂಠಿಯನ್ನು ತೆಳು ಬಿಳಿ ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ. ಹಾಗೇ ಹಾಕಿದರೆ ಲವಂಗ ಎಲ್ಲೋ ಅಡಗಿ ಕೂತು, ವಯಸ್ಸಾದವರ ಗಂಟಲಿಗೆ ಸಿಗುವ ಭಯ ಉಂಟು. ಪುಡಿ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ನಾಲಿಗೆಗೆ ಮರಳು ಮರಳು.

ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ತುಂಡುಗಳು, ಅರ್ಧ ಕಪ್ ನೀರು, ಉಪ್ಪು, ಮಸಾಲೆ ಗಂಟು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿಡಿ. ಹುಳಿ ಪದಾರ್ಥವಾದ್ದರಿಂದ ಅಲ್ಯುಮಿನಿಯಂ ಪಾತ್ರೆ ಬೇಡ. ಹದಿನೈದು ಇಪ್ಪತ್ತು ನಿಮಿಷದಲ್ಲಿ, ಆಗಾಗ ತಿರುವುತ್ತಿದ್ದರೆ, ಮೆತ್ತಗಾಗುತ್ತದೆ. ಆಮೇಲೆ ಸಕ್ಕರೆ ಹಾಕಿ, ಮುಚ್ಚಳ ತೆಗೆದು ಐದು ನಿಮಿಷ ಕುದಿಸಿ. ಕೊನೆಗೆ ಒಂದು ಚಮಚ ಲಿಂಬೆರಸ. ಗಂಟನ್ನು ಚಮಚದಿಂದ ಒತ್ತಿ ತೆಗೆಯಿರಿ.

ಸಕ್ಕರೆ ಯಾವಾಗ ಹಾಕುತ್ತೇವೆ ಎಂಬುದರಲ್ಲೇ ಗುಟ್ಟು ಇರುವುದು. ಮೊದಲೇ ಹಾಕಿದರೆ ತುಂಡು ಗಟ್ಟಿಯಾಗಿ ಆಕಾರ ಉಳಿಸಿಕೊಳ್ಳುತ್ತದೆ, ನೆಂಟರಿಗೆ ಬಡಿಸಲು ಚಂದ. ಬೆಂದ ಮೇಲೆ ಹಾಕಿದರೆ ನುಣ್ಣಗೆ ಕರಗುತ್ತದೆ, ಹಲ್ಲಿಲ್ಲದವರಿಗೆ ಅದೇ ಸರಿ.

ಯಾವ ಆಪಲ್?

ನಮ್ಮಲ್ಲಿ ಹೆಚ್ಚು ಸಿಗುವ ಕಡುಗೆಂಪು ಡೆಲಿಷಿಯಸ್ ಜಾತಿ ಹಿಮಾಚಲ, ಕಾಶ್ಮೀರದ್ದು. ಹಿಮಾಚಲದ ಕೋಟ್‌ಗಢದಲ್ಲಿ ಇದನ್ನು ನೂರು ವರ್ಷದ ಹಿಂದೆ ನೆಟ್ಟು ಬೆಳೆಸಿದವರು ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್. ಸಿಹಿ ಜಾಸ್ತಿ, ಹುಳಿ ಕಡಿಮೆ. ಹಾಗಾಗಿ ಲಿಂಬೆ ಬೇಕೇ ಬೇಕು. ಹಳತಾಗಿ ಹಿಟ್ಟುಹಿಟ್ಟಾದರೂ ಬೇಯಿಸಲು ಅಡ್ಡಿಯಿಲ್ಲ. ಹಸಿರು ಹುಳಿ ಆಪಲ್ ಒಂದು ಸೇರಿಸಿದರೆ ರುಚಿ ಏರುತ್ತದೆ. ಸುಕ್ಕಾದದ್ದು ನಡೆಯುತ್ತದೆ, ಕೊಳೆತದ್ದು, ಬೂಷ್ಟು ಹಿಡಿದದ್ದು ಬೇಡ.

ಶುಗರ್ ಇದ್ದವರಿಗೆ ಒಂದು ಮಾತು. ಸಕ್ಕರೆ ಹಾಕದೆಯೂ ಇದನ್ನು ಮಾಡಬಹುದು. ಆದರೆ 100 ಗ್ರಾಂ ಆಪಲ್‌ನಲ್ಲೇ ಸುಮಾರು 10 ಗ್ರಾಂ ಸಕ್ಕರೆ ಉಂಟು. "ಸಕ್ಕರೆ ಹಾಕಿಲ್ಲ ಅಲ್ವಾ" ಎಂದು ಬಟ್ಟಲು ತುಂಬಾ ತಿಂದರೆ ಲೆಕ್ಕ ತಪ್ಪುತ್ತದೆ. ನುಂಗಲು ಕಷ್ಟ ಇರುವವರಿಗೆ ಡಾಕ್ಟರನ್ನು ಕೇಳಿಯೇ ಕೊಡಿ.

ಪೂರ್ತಿ ಆರಿದ ಮೇಲೆ, ಕುದಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಐದಾರು ದಿನ ಇರುತ್ತದೆ. ಒದ್ದೆ ಚಮಚ ಹಾಕಬೇಡಿ. ನೀರುದೋಸೆ, ಅಕ್ಕಿ ಪತ್ತಿರ್, ಬ್ರೆಡ್, ಗಟ್ಟಿ ಮೊಸರು, ಯಾವುದರ ಜೊತೆಗೂ ಹೊಂದುತ್ತದೆ. ಇಫ್ತಾರಿನ ತಟ್ಟೆಯಲ್ಲಿ ಉಳಿದು ಕಪ್ಪಾಗುವ ಆಪಲ್ ಹೋಳುಗಳಿಗೂ ಇದೇ ದಾರಿ.

ಎರಡನೇ ಸಲದ್ದನ್ನು ಬೆಚ್ಚಗೆ ಮಾಡಿ ಉಮ್ಮನಿಗೆ ಕೊಟ್ಟೆವು. ಮೂರು ಚಮಚ ಆಯಿತು. ನಾಲ್ಕನೆಯದಕ್ಕೆ ಅವರೇ ಬಾಯಿ ತೆರೆದರು. ಆರೋಗ್ಯ ಸುಧಾರಿಸಿದ್ದು ಮದ್ದಿನಿಂದಲೇ, ಆಪಲ್‌ನಿಂದ ಅಂತ ನಾವು ಹೇಳುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ "ನಿನ್ನೆಯದ್ದು ಉಂಟಾ?" ಎಂದು ಕೇಳಿದ ಆ ಸ್ವರ ನಮಗೆ ಮರೆಯುವುದಿಲ್ಲ. ಅದಕ್ಕೆ ಮೊದಲು ಎರಡು ವಾರ ಅವರು ತಿನ್ನಲು ಏನನ್ನೂ ಕೇಳಿರಲಿಲ್ಲ.

ಈಗ ಯಾರ ಮನೆಗೆ ರೋಗಿ ನೋಡಲು ಹೊರಟರೂ ನಾವು ಮೊದಲು ಫೋನ್ ಮಾಡುತ್ತೇವೆ. ಶುಗರ್ ಉಂಟಾ, ಏನು ತಿನ್ನುತ್ತಾರೆ ಎಂದು ಕೇಳಿಕೊಂಡು, ಕಿಲೋ ಆಪಲ್ ಬದಲಿಗೆ ಒಂದು ಸಣ್ಣ ಬಾಟಲಿ ಹಿಡಿದು ಹೋಗುತ್ತೇವೆ. ಬಾಟಲಿ ವಾಪಸ್ ಬರುವಾಗ ಹೆಚ್ಚಾಗಿ ಖಾಲಿಯೇ ಇರುತ್ತದೆ.