ಗಾಳಿಯಲ್ಲಿ ಕೂಡಿದ ಗೆರೆಗಳು

ಸಂಜೆ ಹೊತ್ತು ಕೋಟ ಪಡುಕೆರೆಯ ಹೊಯಿಗೆಯ ಮೇಲೆ ಕೂತು ಅಂಗೈ ಬಿಚ್ಚಿ ಆಕಾಶಕ್ಕೆ ಹಿಡಿಯಿರಿ. ಒಂದು ಹನಿಯೂ ಬಿದ್ದಂತೆ ಅನಿಸದು. ಆದರೂ ಸೆಕೆಂಡಿಗೆ ಒಂದೋ ಎರಡೋ ಮ್ಯೂಆನ್ ಕಣಗಳು ನಿಮ್ಮ ಅಂಗೈಯನ್ನು ತೂರಿ, ಹೊಯಿಗೆಯನ್ನೂ ತೂರಿ ಕೆಳಗಿಳಿಯುತ್ತಿರುತ್ತವೆ. ಬಾಹ್ಯಾಕಾಶದಿಂದ ನುಗ್ಗಿ ಬರುವ ಪ್ರೋಟಾನುಗಳು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದಾಗ ಹುಟ್ಟುವ ಕಣಗಳಿವು. ಅದೇ ಬಡಿತದಲ್ಲಿ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಕೈರಂಪಣಿ ಎಳೆಯುವವರ ಲೆಕ್ಕದಲ್ಲಿ ಹೇಳುವುದಾದರೆ ಮ್ಯೂಆನ್ ಬಂಗುಡೆ, ನ್ಯೂಟ್ರಿನೊ ನೀರು. ಬಲೆಯ ಕಣ್ಣು ಎಷ್ಟೇ ಸಣ್ಣದಿರಲಿ, ಅದು ನಿಲ್ಲುವುದಿಲ್ಲ. ಇಡೀ ಭೂಮಿಯನ್ನೇ ಹಾದು ಆಚೆ ಹೋಗುತ್ತದೆ. ಕೋಟಿಗಳಲ್ಲಿ ಎಲ್ಲೋ ಒಂದು ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಒಂದು ಮ್ಯೂಆನನ್ನು ಹುಟ್ಟಿಸಬಹುದು. ಹಿಡಿಯಬೇಕಾದದ್ದು ಆ ಒಂದನ್ನು.

ಕಷ್ಟ ಇರುವುದು ಗದ್ದಲದಲ್ಲಿ. ಆಟದ ರಾತ್ರಿ ಚೆಂಡೆ ಏರಿದ ಹೊತ್ತಿಗೆ ಚೌಕಿಯೊಳಗೆ ಗೆಜ್ಜೆಯೊಂದು ಕಳಚಿ ಬಿದ್ದರೆ ಯಾರಿಗೆ ಕೇಳಿಸೀತು? ಮೇಲಿನಿಂದ ಸುರಿಯುವ ಮ್ಯೂಆನುಗಳೇ ಇಲ್ಲಿ ಚೆಂಡೆ. ಅದನ್ನು ನಿಲ್ಲಿಸಲು ಬರುವುದಿಲ್ಲ, ತಲೆಯ ಮೇಲೆ ಬಂಡೆ ಹೇರಿಕೊಂಡು ಕೆಳಗೆ ಹೋಗಬಹುದು ಅಷ್ಟೆ. ಆಕಾಶದ ಗುಟ್ಟು ಕೇಳಲು ಪಾತಾಳಕ್ಕಿಳಿಯುವ ಈ ವಿಚಿತ್ರ ವಿದ್ಯೆಗೆ ಜಗತ್ತಿನ ಅತಿ ಒಳ್ಳೆಯ ಜಾಗಗಳಲ್ಲೊಂದು ನಮ್ಮ ರಾಜ್ಯದಲ್ಲೇ ಇತ್ತು: ಕೋಲಾರದ ಚಿನ್ನದ ಗಣಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳ.

ಇಲ್ಲೊಂದು ಮಾತು. ಕಾರಂತರ ಊರಿನಲ್ಲಿ ಕೂತು ವಿಜ್ಞಾನ ಬರೆಯುವುದು ಮುಜುಗರದ ಕೆಲಸ. ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದವರ ಊರಿದು. ಹಾಗಾಗಿ ನಾನು ಇಡೀ ಬ್ರಹ್ಮಾಂಡದ ಉಸಾಬರಿಗೆ ಹೋಗದೆ ಒಂದೇ ಗಣಿಯ ಯಂತ್ರಗಳನ್ನು ಹಿಡಿದುಕೊಂಡಿದ್ದೇನೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ 1951ರಲ್ಲಿ ನಂಜನಗೂಡಿನ ಹುಡುಗ ಬಿ. ವಿ. ಶ್ರೀಕಂಠನ್ ಅವರನ್ನು ಆ ಗಣಿಗೆ ಕಳಿಸಿದರು. ಆಳಕ್ಕೆ ಹೋದಂತೆ ಮ್ಯೂಆನುಗಳು ಎಷ್ಟು ಕಮ್ಮಿಯಾಗುತ್ತವೆ ಎಂದು ಎಣಿಸುವುದು ಕೆಲಸ. ಹತ್ತು ವರ್ಷದ ಮೇಲೆ ಇನ್ನೂ ಕೆಳಗಿನ ಸುರಂಗದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ. ದಡದಲ್ಲಿ “ಎಂತ ಸಿಕ್ಕಿತ್ ಮಾರಾಯ್ರೆ?” ಎಂದವರಿಗೆ “ಎಂತದೂ ಇಲ್ಲೆ” ಎನ್ನುವಾಗ ಮೀನುಗಾರನ ಮುಖ ಸಪ್ಪಗಿರುತ್ತದೆ, ಇವರಿಗೆ ಮಾತ್ರ ಖಾಲಿ ಬಲೆಯೇ ಸುದ್ದಿ. ಅಷ್ಟು ನಿಶ್ಶಬ್ದವಿದ್ದಲ್ಲಿ ಗೆಜ್ಜೆ ಬಿದ್ದರೂ ಕೇಳಿಸುತ್ತದೆ.

1964ರ ಕೊನೆಗೆ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳಕ್ಕೆ ಯಂತ್ರ ಇಳಿಯಿತು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೂ ಜೊತೆಗಿದ್ದರು. ಯಂತ್ರದಲ್ಲಿ ದೂರದರ್ಶಕದ ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಎದುರುಬದುರು ನಿಂತ ಎರಡು ಪ್ಲಾಸ್ಟಿಕ್ ಗೋಡೆ, ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಕಣವೊಂದು ಹಾದರೆ ಆ ವಿಶೇಷ ಪ್ಲಾಸ್ಟಿಕ್ ಕ್ಷಣಮಾತ್ರ ಮಿನುಗುತ್ತದೆ. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಕೊಳವೆಗಳ ಸಾಲಿಗೆ ಭಾರಿ ವೋಲ್ಟೇಜಿನ ಒಂದು ಏಟು ಬೀಳುತ್ತದೆ; ಕಣ ಹಾದುಹೋದ ಕೊಳವೆಗಳು ಮಾತ್ರ ಕೆಂಪಗೆ ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಚಿತ್ರದಲ್ಲಿ ಕಾಣುವುದು ಕಣದ ದಾರಿ.

ಗೋಡೆಗಳನ್ನು ಲಂಬವಾಗಿ ನಿಲ್ಲಿಸಿದ್ದರಲ್ಲೇ ಇದೆ ಜಾಣತನ. ಮೇಲಿನಿಂದ ತಪ್ಪಿಸಿಕೊಂಡು ಬರುವ ಮ್ಯೂಆನುಗಳು ಬಹುಪಾಲು ನೇರ ಕೆಳಗೆ ಬೀಳುತ್ತವೆ, ಏಕೆಂದರೆ ಆ ದಾರಿಯಲ್ಲೇ ಬಂಡೆ ಕಡಿಮೆ. ಅಡ್ಡಡ್ಡ ಬರಬೇಕಾದರೆ ಎಷ್ಟೋ ಕಿಲೋಮೀಟರ್ ಕಲ್ಲು ಕೊರೆಯಬೇಕು. ಮ್ಯೂಆನಿಗೆ ಅದು ಆಗದ ಮಾತು. ಅಡ್ಡ ಗೆರೆಯೊಂದು ಕಂಡಿತೆಂದರೆ ನ್ಯೂಟ್ರಿನೊ ಪಕ್ಕದ ಬಂಡೆಯಲ್ಲೇ ಡಿಕ್ಕಿ ಹೊಡೆದಿದೆ ಎಂದರ್ಥ. 1965ರಲ್ಲಿ ಅಂಥ ಗೆರೆಗಳು ಕಂಡವು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕ ಸುದ್ದಿ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡ ಕಂಡದ್ದು ಪ್ರಕಟವಾದದ್ದು ಅದೇ ತಿಂಗಳ ಕೊನೆಗೆ. ಯಾರು ಮೊದಲು ಎಂಬ ಜಗಳ ನನಗೆ ಅಷ್ಟು ಮುಖ್ಯ ಅನಿಸಿಲ್ಲ. ಆಮೇಲೆ ಬಂದದ್ದು ಅದಕ್ಕಿಂತ ಸ್ವಾರಸ್ಯದ್ದು.

ಮುಂದಿನ ವರ್ಷಗಳ ಚಿತ್ರಗಳಲ್ಲಿ ಕೆಲವು ವಿಚಿತ್ರವಾಗಿದ್ದವು. ಎರಡು ಮೂರು ಗೆರೆಗಳು ಒಟ್ಟಿಗೆ ಮೂಡಿವೆ. ಹಿಂದಕ್ಕೆ ಎಳೆದು ನೋಡಿದರೆ ಅವು ಬಂಡೆಯೊಳಗೆ ಕೂಡಬೇಕಿತ್ತು. ಇವು ಬಂಡೆಗೂ ಯಂತ್ರಕ್ಕೂ ನಡುವಿನ ಬರೀ ಗಾಳಿಯಲ್ಲಿ ಕೂಡುತ್ತಿದ್ದವು! ನ್ಯೂಟ್ರಿನೊ ಡಿಕ್ಕಿ ಹೊಡೆಯಲು ಗಾಳಿ ತೀರಾ ತೆಳು. ಹಾಗಾದರೆ ಬಂಡೆಯಿಂದ ಕಾಣದ ಏನೋ ಒಂದು ಹೊರಬಂದು, ಅಷ್ಟು ದೂರ ಸಾಗಿ, ಗಾಳಿಯಲ್ಲಿ ಒಡೆದು ಚೂರಾಯಿತೇ? 1975ರಲ್ಲಿ ಇದು ಹೊಸ ಕಣವಿರಬಹುದೆಂದು ತಂಡ ಬರೆಯಿತು. ಸಿಕ್ಕಿದ್ದೋ ಬೆರಳೆಣಿಕೆಯಷ್ಟು ಚಿತ್ರ. ವೇಗವರ್ಧಕಗಳಲ್ಲಿ ಹುಡುಕಿದವರಿಗೆ ಅಂಥ ಕಣ ಸಿಗಲಿಲ್ಲ. ‘ಕೋಲಾರ ಘಟನೆಗಳು’ ಎಂಬ ಹೆಸರು ಮಾತ್ರ ಉಳಿಯಿತು. 2014ರಲ್ಲಿ ಚೆನ್ನೈನ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಹಳೆಯ ಚಿತ್ರಗಳನ್ನು ಮತ್ತೆ ಎತ್ತಿಕೊಂಡು, ಇವು ಒಡೆಯುತ್ತಿರುವ ಕಪ್ಪು ದ್ರವ್ಯದ ಕಣಗಳಾಗಿರಬಹುದೇ ಎಂದು ಕೇಳಿದರು. ವಿಶ್ವದ ದ್ರವ್ಯದಲ್ಲಿ ಹೆಚ್ಚಿನ ಪಾಲು ಕಪ್ಪು ದ್ರವ್ಯವೇ. ಅದು ಏನೆಂದು ಯಾರೂ ಹೇಳಿಲ್ಲ.

ಗಣಿಯಲ್ಲಿ 1980ರಿಂದ ಇನ್ನೊಂದು ಯಂತ್ರ ಕಾವಲು ಕೂತಿತು: 140 ಟನ್ ಭಾರದ, ಕಬ್ಬಿಣದ ಕೊಳವೆಗಳ ರಾಶಿ. ಪ್ರೋಟಾನಿಗೂ ಸಾವಿದೆಯೇ ಎಂದು ನೋಡಲು. 1ರ ಮುಂದೆ 31 ಸೊನ್ನೆಯಷ್ಟು ವರ್ಷ ಅದರ ಆಯುಸ್ಸಾದರೆ, ಅಷ್ಟು ಕಬ್ಬಿಣದಲ್ಲಿ ವರ್ಷಕ್ಕೆ ಕೆಲವಾದರೂ ಸಾಯಬೇಕು. ಕೆಲವು ಕಂಡವು ಎಂದರು. ಬೇರೆಯವರ ದೊಡ್ಡ ಯಂತ್ರಗಳು ಒಪ್ಪಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಕಾರ ಆಯುಸ್ಸು ಅದರ ಸಾವಿರ ಪಟ್ಟಿಗೂ ಹೆಚ್ಚು.

ಆದರೆ ಗಾಳಿಯಲ್ಲಿ ಕೂಡಿದ ಗೆರೆಗಳಿಗೆ ಹೀಗೆ ಇಲ್ಲ ಎನ್ನುವವರೂ ಸಿಕ್ಕಿಲ್ಲ, ಹೌದು ಎನ್ನುವವರೂ ಸಿಕ್ಕಿಲ್ಲ. ತೀರ್ಮಾನವಾಗಲು ಬೇಕಾದದ್ದು ಆಳದ ಗುಹೆ, ಯಂತ್ರದ ಮುಂದೆ ಧಾರಾಳ ಖಾಲಿ ಜಾಗ, ಮತ್ತು ಕಾಯುವ ತಾಳ್ಮೆ. ತಮಿಳುನಾಡಿನ ಬೋಡಿ ಬೆಟ್ಟದ ಕೆಳಗೆ 50,000 ಟನ್ನಿನ ಯಂತ್ರ ಇಡುವ ಯೋಜನೆ ವಿರೋಧದಲ್ಲಿ ಸಿಕ್ಕಿ ನಿಂತಿದೆ. ಕೋಲಾರದಲ್ಲಿ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಮುಗಿದವು, ಗಣಿ 2001ರಲ್ಲಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಆ ಗೆರೆಗಳು ಕೂಡಿದ್ದ ಗಾಳಿಯ ಜಾಗಕ್ಕೂ ನೀರು ತುಂಬಿತು.