ಜೀವಕೋಶದ ಕಸ, ಉಪವಾಸ ಮತ್ತು ಪಾರ್ಕಿನ್ಸನ್ ಔಷಧಿ



ಉಪವಾಸಕ್ಕೆ ನೊಬೆಲ್ ಬಂದಿದೆ, ಉಪವಾಸದಿಂದ ಮೆದುಳಿನ ಕಾಯಿಲೆಯೂ ವಾಸಿಯಾಗುತ್ತದೆ ಎಂಬ ಮಾತು ನಮ್ಮ ಇಡಗುಂಜಿ ಕಡೆಯಲ್ಲೂ ಕೇಳಿಬರುತ್ತದೆ. ಇದನ್ನು ನಂಬಿ ಮನೆಯ ಹಿರಿಯರು ಗುಳಿಗೆ ಬಿಡಬಾರದೆಂದು ಈ ಬರಹ.

ನಮ್ಮ ಜೀವಕೋಶಗಳಲ್ಲಿ ದಿನವೂ ಕಸ ಸೇರುತ್ತದೆ. ಕೆಟ್ಟ ಪ್ರೋಟೀನು, ಸವೆದ ಭಾಗಗಳನ್ನು ಕೋಶವು ಪೊರೆಯ ಚೀಲದಲ್ಲಿ ಕಟ್ಟಿ, ಲೈಸೋಸೋಮ್ ಎಂಬಲ್ಲಿಗೆ ಒಯ್ದು ಕರಗಿಸಿ ಮತ್ತೆ ಬಳಸುತ್ತದೆ. ಇದೇ ಆಟೋಫೇಜಿ. ಜಪಾನಿನ ಯೋಶಿನೋರಿ ಓಸುಮಿಯವರು ಯೀಸ್ಟ್ ಕೋಶಗಳಿಗೆ ಆಹಾರ ತಪ್ಪಿಸಿ, ಈ ಕೆಲಸ ನಡೆಯುವ ಬಗೆಯನ್ನು ಕಂಡುಕೊಂಡರು. 2016ರ ನೊಬೆಲ್ ಬಂದದ್ದು ಆ ಶೋಧಕ್ಕೆ.

ವಯಸ್ಸಾದಂತೆ ಈ ಸ್ವಚ್ಛತೆ ನಿಧಾನವಾಗುತ್ತದೆ. ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಮುದ್ದೆಗಟ್ಟಿ ಉಳಿಯುತ್ತದೆ. ಔಷಧಿಯಿಂದ ಸ್ವಚ್ಛತೆಯನ್ನು ಚುರುಕುಗೊಳಿಸಿದರೆ ಆ ಮುದ್ದೆ ಕರಗೀತೇ ಎಂಬುದು ವಿಜ್ಞಾನಿಗಳ ಪ್ರಶ್ನೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯರ ತಂಡ ಇದರ ಮೇಲೆ ಕೆಲಸ ಮಾಡಿದೆ. ಯೀಸ್ಟ್‌ನಲ್ಲಿ ಹಲವು ರಾಸಾಯನಿಕಗಳನ್ನು ಪರೀಕ್ಷಿಸಿ 6-ಬಯೋ ಎಂಬುದನ್ನು ಆರಿಸಿತು. ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲಿ ಅದು ನರಕೋಶಗಳನ್ನು ಕಾಪಾಡಿತೆಂದು 2017ರಲ್ಲಿ ಪ್ರಕಟಿಸಿತು. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ. ಕಿಡ್ನಿ ಕಸಿಯಾದವರಿಗೆ ಕೊಡುವ ರಾಪಾಮೈಸಿನ್ ಕೂಡ ಆಟೋಫೇಜಿ ಹೆಚ್ಚಿಸುತ್ತದೆ, ಆದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಕಸ ತೆಗೆದು ಪಾರ್ಕಿನ್ಸನ್ ಗುಣಪಡಿಸುವ ಗುಳಿಗೆ ಇನ್ನೂ ಅಂಗಡಿಗೆ ಬಂದಿಲ್ಲ.

ಹಾಗಾಗಿ ಈಗಿರುವ ಔಷಧಿಯೇ ಆಧಾರ. ಲೆವೊಡೋಪಾ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು, ಜ್ವರವೇರಿ ಪ್ರಾಣಕ್ಕೇ ಅಪಾಯವಾಗಬಹುದು. ಈ ಕಾಯಿಲೆಯವರಲ್ಲಿ ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದುಂಟು. ನೀರೂ ಬಿಟ್ಟರೆ ತಲೆಸುತ್ತಿ ಬೀಳುವ ಭಯ ಹೆಚ್ಚು.

ದಶಲಕ್ಷಣ ಪರ್ವಕ್ಕೆ ಮೊದಲೇ ವೈದ್ಯರನ್ನು ಕಾಣಿರಿ. ಏಕಾಸನ, ರಾತ್ರಿಭೋಜನ ತ್ಯಾಗದ ನಿಯಮ ತಿಳಿಸಿ, ಸೂರ್ಯಾಸ್ತದ ನಂತರದ ಗುಳಿಗೆಯ ಸಮಯ ಬದಲಿಸಬಹುದೇ ಎಂದು ಕೇಳಿರಿ. ಆಗದು ಎಂದರೆ ಮುನಿಗಳಲ್ಲಿ ವಿಚಾರಿಸಿ. ಶಕ್ತಿಗೆ ತಕ್ಕ ತಪಸ್ಸು ಎಂಬುದು ನಮ್ಮ ಧರ್ಮದ್ದೇ ಮಾತು. ಉಪವಾಸ ಮಾಡಲಾಗದ ಹಿರಿಯರಿಗೆ ಸ್ವಾಧ್ಯಾಯ, ಜಪ, ಸಾಮಾಯಿಕಗಳಿವೆ. ನಾವು ಉಪವಾಸ ಮಾಡುವುದು ಕರ್ಮನಿರ್ಜರೆಗೆ. ಅದಕ್ಕೆ ನೊಬೆಲ್‌ನ ಸಾಕ್ಷಿ ಬೇಕಿಲ್ಲ.